ಚೀನೀ ಪಂಡಿತರ ಮೇಜಿನ ಪಿಂಗಾಣಿ: ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕ ಪಿಂಗಾಣಿ ಎಮ್ಮೆ, ಅದರ ಮೇಲೊಬ್ಬ ಹುಡುಗ. ಬೆನ್ನಲ್ಲಿ ಒಂದು ತೂತು, ಬಾಯಲ್ಲಿ ಇನ್ನೊಂದು. ಅಂಗಡಿಯಲ್ಲಿ ಅದಕ್ಕೆ ‘ಶೋಪೀಸ್’ ಎನ್ನುತ್ತಾರೆ, ಕೊಂಡು ತಂದವರು ಟಿವಿ ಪಕ್ಕ ನಿಲ್ಲಿಸುತ್ತಾರೆ. ಆದರೆ ಆ ಎರಡು ತೂತುಗಳು ಅಂದಕ್ಕಾಗಿ ಕೊರೆದವಲ್ಲ. ಮಸಿ ತೇಯುವವನಿಗೆ ಎಣಿಸಿದಷ್ಟೇ ಹನಿ ನೀರು ಕೊಡಲು ಮಾಡಿದ ಪಾತ್ರೆ ಅದು. ಒಂದು ತೂತು ನೀರಿಗೆ, ಇನ್ನೊಂದು ಗಾಳಿಗೆ.

ಚೀನಾದ ಓದುಬರಹದ ಜನ ತಮ್ಮ ಮೇಜಿಗಾಗಿ ಮಾಡಿಸಿಕೊಂಡ ಪಿಂಗಾಣಿಯನ್ನು ಹಲವು ವರ್ಷಗಳಿಂದ ನೋಡುತ್ತ, ಕೈಗೆಟುಕಿದಷ್ಟನ್ನು ಕೂಡಿಡುತ್ತ ಬಂದಿದ್ದೇನೆ. ಹೊಸಬರು ಮೊದಲು ಕೇಳುವುದು ‘ಇದು ಎಷ್ಟು ಹಳೆಯದು’ ಎಂದು. ಅದನ್ನು ಎರಡನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ. ಮೊದಲು ಕೇಳಬೇಕಾದದ್ದು ‘ಇದು ಮೇಜಿನ ಮೇಲೆ ಏನು ಕೆಲಸ ಮಾಡುತ್ತಿತ್ತು’ ಎಂದು. ಕೆಲಸ ತಿಳಿದರೆ ಆಕಾರ ಅರ್ಥವಾಗುತ್ತದೆ, ಸವೆತ ಎಲ್ಲಿರಬೇಕು ಎಂಬುದೂ ಗೊತ್ತಾಗುತ್ತದೆ. ನಕಲಿ ಮಾಲು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.

ಮೊದಲ ಹೆಜ್ಜೆ: ಮೇಜನ್ನು ಅರಿಯಿರಿ

ಕುಂಚ, ಮಸಿ, ಕಾಗದ, ಮಸಿಕಲ್ಲು, ಇವು ಚೀನೀಯರು ಹೇಳುವ ಓದುಕೋಣೆಯ ನಾಲ್ಕು ನಿಧಿಗಳು. ಗಮನಿಸಿ, ಈ ನಾಲ್ಕರಲ್ಲಿ ಪಿಂಗಾಣಿಯ ಹೆಸರಿಲ್ಲ. ಪಿಂಗಾಣಿ ಅಲ್ಲಿಗೆ ಬಂದದ್ದು ಇವುಗಳ ಸೇವೆಗೆ.

ಅವರ ಮಸಿ ಗಟ್ಟಿಯಾದ ಕಡ್ಡಿ. ಹೊಗೆಮಸಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ, ಒತ್ತಿ, ಒಣಗಿಸಿದ್ದು. ನಮ್ಮಲ್ಲಿ ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುವ ಹಾಗೆ ಆ ಕಡ್ಡಿಯನ್ನು ಮಸಿಕಲ್ಲಿನ ಮೇಲೆ ಸ್ವಲ್ಪವೇ ನೀರಿನೊಡನೆ ತೇಯಬೇಕು. ಗಂಧ ತೇಯ್ದವರಿಗೆ ಗೊತ್ತು, ನೀರು ಒಂದಿಷ್ಟು ಹೆಚ್ಚಾದರೂ ಗಂಧ ತೆಳ್ಳಗಾಗಿಬಿಡುತ್ತದೆ. ಮಸಿಯೂ ಹಾಗೆಯೇ. ಅದಕ್ಕೇ ಹುಟ್ಟಿದ್ದು ಹನಿಪಾತ್ರೆ, ಚೀನೀಯರ ‘ಶುಯಿದಿ’. ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿದರೆ ಒಳಗೆ ಗಾಳಿ ಹೋಗದು, ನೀರು ಬೀಳದು; ಬೆರಳು ಸರಿಸಿದ ಕ್ಷಣ ಒಂದು ಹನಿ. ಎಳನೀರಿನ ಕೊಳವೆಯ ಮೇಲ್ತುದಿ ಮುಚ್ಚಿ ಎತ್ತಿದಾಗ ನೀರು ಒಳಗೇ ನಿಲ್ಲುವುದೂ ಇದೇ ಕಾರಣಕ್ಕೆ. ಇನ್ನು ಕೆಲವರು ಪುಟ್ಟ ನೀರುಕುಡಿಕೆ ಇಟ್ಟುಕೊಂಡು ಚಿಕ್ಕ ಚಮಚದಲ್ಲಿ ತೋಡಿಕೊಳ್ಳುತ್ತಿದ್ದರು.

ಕುಂಚಗಳನ್ನು ನಿಲ್ಲಿಸುವ ಉದ್ದ ಕೊಳಗಕ್ಕೆ ‘ಬಿತೊಂಗ್’ ಎಂದು ಹೆಸರು. ಬರೆಯುತ್ತ ಬರೆಯುತ್ತ ನಡುವೆ ಕುಂಚ ಕೆಳಗಿಡಬೇಕಾದರೆ ಬೆಟ್ಟದ ಸಾಲಿನ ಹಾಗೆ ಏರಿಳಿತವಿರುವ ಕುಂಚದಾಸರೆ. ಬರೆದಾದ ಮೇಲೆ ತೊಳೆಯಲು ಅಗಲ ಬಾಯಿಯ, ಆಳ ಕಡಿಮೆಯ ಬಟ್ಟಲು. ಗಾಳಿ ಬೀಸಿ ಮಸಿ ಒಣಗದಿರಲು ಮಸಿಕಲ್ಲಿನ ಮುಂದೆ ನಿಲ್ಲಿಸುವ ಗೇಣುದ್ದದ ತೆರೆ. ಕೈಯಾಸರೆ ಎಂಬುದೂ ಒಂದಿದೆ. ಸೀಳಿದ ಬಿದಿರಿನ ಹಾಗೆ ಕಮಾನಾಗಿ ಬಾಗಿದ ಉದ್ದನೆಯ ತುಂಡು. ಚೀನೀ ಬರಹ ಮೇಲಿಂದ ಕೆಳಕ್ಕೆ, ಸಾಲುಗಳು ಬಲದಿಂದ ಎಡಕ್ಕೆ. ಬಲಗೈಯಲ್ಲಿ ಬರೆಯುವವನ ಮಣಿಕಟ್ಟು, ತೋಳಿನ ಅಗಲ ಬಟ್ಟೆ ಎರಡೂ ಈಗಷ್ಟೇ ಬರೆದ ಹಸಿ ಮಸಿಯ ಮೇಲೆಯೇ ಬರುತ್ತವೆ. ಕೈಯನ್ನು ಕಾಗದದಿಂದ ಎತ್ತಿ ಹಿಡಿಯಲು ಈ ಕಮಾನು.

ಕೊನೆಯದು ಮುದ್ರೆಯ ಕೆಂಪಿನ ಡಬ್ಬಿ. ಇಂಗಲೀಕದ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಮಾಚಿಪತ್ರೆಯ ಜಾತಿಯ ಗಿಡದ ನಾರು ಸೇರಿಸಿ ಮಾಡುವ ಆ ಕೆಂಪನ್ನು ಪಿಂಗಾಣಿಯಲ್ಲೇ ಇಡಬೇಕೆಂದು ಬಲ್ಲವರು ಹೇಳುತ್ತಿದ್ದರು. ಮರ ಎಣ್ಣೆ ಹೀರುತ್ತದೆ, ಪಿಂಗಾಣಿ ಹೀರದು. ಹಳೆಯ ಡಬ್ಬಿಯ ಒಳಗೆ ಕೆಂಪು ಉಳಿದಿದ್ದರೆ ಅದು ಪಾದರಸದ ಸಂಯುಕ್ತ ಎಂಬುದು ನೆನಪಿರಲಿ. ಬರಿ ಬೆರಳಿನಿಂದ ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಎರಡನೆಯದು: ಒಂದೇ ಬಗೆಯಿಂದ ಆರಂಭಿಸಿ

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಹೊಸಬರಿಗೆ ಮುದ್ರೆಯ ಡಬ್ಬಿ ಅಥವಾ ಹನಿಪಾತ್ರೆ ಒಳ್ಳೆಯ ಪಾಠ ಎಂದು ನನ್ನ ಅಭಿಪ್ರಾಯ. ಎರಡೂ ಚಿಕ್ಕವು, ಕಪಾಟಿನಲ್ಲಿ ಜಾಗ ಬೇಡುವುದಿಲ್ಲ, ಸಾಧಾರಣ ಬೆಲೆಯಲ್ಲೂ ಸಿಗುತ್ತವೆ. ಬಿತೊಂಗ್‌ನ ಚೆಲುವು ಹೆಚ್ಚು. ಹಾಗೆಂದೇ ನಕಲು ಕೂಡ ಅದರದ್ದೇ ಹೆಚ್ಚು.

ಮೂರನೆಯದು: ಕೊಳ್ಳುವ ಮೊದಲು ಕಣ್ಣು ಪಳಗಿಸಿ

ಮೂರು ತಿಂಗಳು ಕಾಸು ಬಿಚ್ಚದೆ ಬರೀ ನೋಡಿ. ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಮೂರೂ ತಮ್ಮ ಸಂಗ್ರಹದ ಚಿತ್ರಗಳನ್ನು ಅಂತರಜಾಲದಲ್ಲಿ ಇಟ್ಟಿವೆ. ವಸ್ತುವಿನ ಮುಂಭಾಗ ಮಾತ್ರವಲ್ಲ, ಅಡಿಯ ಚಿತ್ರವಿದ್ದರೆ ಅದನ್ನು ತಪ್ಪದೆ ನೋಡಿ.

ಲಂಡನ್ನಿನಲ್ಲಿರುವ ಕನ್ನಡಿಗರಿಗೆ, ಅಲ್ಲಿಗೆ ಹೋಗಿಬರುವವರಿಗೆ ಒಂದು ಮಾತು. ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆಯನ್ನು ತಪ್ಪಿಸಿಕೊಳ್ಳಬೇಡಿ. ಸರ್ ಪರ್ಸಿವಲ್ ಡೇವಿಡ್ ಕೂಡಿಹಾಕಿದ ಸುಮಾರು 1,700 ಚೀನೀ ಪಿಂಗಾಣಿ ವಸ್ತುಗಳು ಅಲ್ಲಿವೆ. ಆತ ಹುಟ್ಟಿದ್ದು 1892ರಲ್ಲಿ, ನಮ್ಮ ಮುಂಬಯಿಯಲ್ಲಿ. ಭಾರತದಲ್ಲೇ ಇರುವವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಹತ್ತಿರ. ಅಲ್ಲಿ ಚೀನೀ ಪಿಂಗಾಣಿಗೆ ಪ್ರತ್ಯೇಕ ಜಾಗವೇ ಇದೆ. ಹಂಪಿಯ ಉತ್ಖನನಗಳಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಚೂರಾದರೂ ಸರಿ, ಒಡೆದ ಅಂಚಿನಲ್ಲಿ ಪಿಂಗಾಣಿಯ ಒಳಮೈ ಎಷ್ಟು ಬಿಳಿ, ಎಷ್ಟು ಬಿಗಿ ಎಂಬುದನ್ನು ಕಣ್ಣಾರೆ ಕಾಣಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬ್ರಿಟಿಷ್ ಮ್ಯೂಸಿಯಂನಲ್ಲಿ ನನಗೆ ಬಲು ಇಷ್ಟದ ಕುಂಚದಾಸರೆಯೊಂದಿದೆ. ಝೆಂಗ್‌ದೆ ಚಕ್ರವರ್ತಿಯ ಕಾಲದ್ದು (1506-1521), ಐದು ಶಿಖರಗಳ ಬೆಟ್ಟ, ಬಿಳಿಯ ಮೇಲೆ ನೀಲಿ. ಅದರ ಮೇಲೆ ಬರೆದಿರುವುದು ಚೀನೀ ಅಲ್ಲ, ಪರ್ಷಿಯನ್: ‘ಖಾಮಾ ದಾನ್’, ಲೇಖನಿ ಇಡುವ ತಾಣ ಎಂದರ್ಥ. ನಾವು ಹೂದಾನಿ, ಪೀಕದಾನಿ ಎನ್ನುವಾಗ ಬಾಯಲ್ಲಿ ಬರುವುದೂ ಅದೇ ‘ದಾನ್’. ಆ ಕಾಲದಲ್ಲಿ ಅರಬ್ಬಿ, ಪರ್ಷಿಯನ್ ಬರಹವಿರುವ ಮೇಜಿನ ಸಾಮಾನುಗಳನ್ನು ಜಿಂಗ್‌ದೆಝೆನ್‌ನಲ್ಲಿ ಸಾಕಷ್ಟು ಮಾಡಿದರು.

ಜಿಂಗ್‌ದೆಝೆನ್ ಎಂಬ ಹೆಸರು ಮುಂದೆ ಪದೇ ಪದೇ ಎದುರಾಗುತ್ತದೆ. ಜಿಯಾಂಗ್‌ಶಿ ಪ್ರಾಂತದ ಈ ಊರು ಶತಮಾನಗಳ ಕಾಲ ಅರಮನೆಗೂ ಪ್ರಪಂಚಕ್ಕೂ ಪಿಂಗಾಣಿ ಮಾಡಿಕೊಟ್ಟಿದೆ. ಪಿಂಗಾಣಿಯ ಬಿಳಿ ಜೇಡಿಗೆ ಕಯೊಲಿನ್ ಎಂಬ ಹೆಸರು ಬಂದದ್ದು ಅದರ ಪಕ್ಕದ ಗಾವೊಲಿಂಗ್ ಎಂಬ ಹಳ್ಳಿಯಿಂದ. ಆ ಜೇಡಿಯನ್ನೂ ಪುಡಿಮಾಡಿದ ಕಲ್ಲನ್ನೂ ಬೆರೆಸಿ, ಆವಿಗೆಯಲ್ಲಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ.

ನಾಲ್ಕನೆಯದು: ತಲೆಕೆಳಗು ಮಾಡಿ ನೋಡಿ

ವಸ್ತುವನ್ನು ಕೈಗೆತ್ತಿಕೊಳ್ಳುವಾಗ ಬಾಯಿಯ ಅಂಚು ಹಿಡಿದು ಎತ್ತಬೇಡಿ. ಉಂಗುರ, ಗಡಿಯಾರ ಬಿಚ್ಚಿಟ್ಟು, ಒಂದು ಕೈ ಬುಡಕ್ಕೆ, ಇನ್ನೊಂದು ಕೈ ಮೈಗೆ ಕೊಟ್ಟು, ಮೇಜಿನ ಮೇಲೆ ಹಾಸಿದ ಟವೆಲ್ಲಿನ ಮೇಲೆಯೇ ತಿರುಗಿಸಿ. ಮುಂಭಾಗದ ಚಿತ್ರವನ್ನು ನಕಲು ಮಾಡುವವರು ತುಂಬ ಚೆನ್ನಾಗಿ ಮಾಡುತ್ತಾರೆ. ಅಡಿಯಲ್ಲಿ ಅಷ್ಟು ಎಚ್ಚರ ಇರುವುದಿಲ್ಲ.

ಬಿತೊಂಗ್ ಒಂದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ವಾನ್‌ಲಿ ಚಕ್ರವರ್ತಿ ತೀರಿಕೊಂಡದ್ದು 1620ರಲ್ಲಿ. ಅಲ್ಲಿಂದ ಅರಮನೆಯ ಆವಿಗೆಗಳಿಗೆ 1683ರಲ್ಲಿ ಹೊಸ ಮೇಲ್ವಿಚಾರಕ ಬರುವತನಕದ ಕಾಲವನ್ನು ಪಿಂಗಾಣಿ ಬಲ್ಲವರು ಸಂಧಿಕಾಲ ಎನ್ನುತ್ತಾರೆ. ಮಿಂಗ್ ಸಾಮ್ರಾಜ್ಯ ಕುಸಿಯಿತು, ಅರಮನೆಯ ಬೇಡಿಕೆ ನಿಂತಿತು, ಕುಶಲಕರ್ಮಿಗಳು ಓದುಬರಹದ ಜನಕ್ಕೂ ವ್ಯಾಪಾರಿಗಳಿಗೂ ಮಾಡತೊಡಗಿದರು. ಅರಮನೆಯ ಕಟ್ಟುಪಾಡು ಇಲ್ಲದ್ದರಿಂದಲೇ ಚಿತ್ರದಲ್ಲಿ ಹೊಸ ಉಸಿರು ಬಂತು: ಮಂಜು ಮುಸುಕಿದ ಬೆಟ್ಟ, ದೋಣಿಯಲ್ಲಿ ಕುಳಿತ ಪಂಡಿತ, ಅವನ ಹಿಂದೆ ವೀಣೆ ಹೊತ್ತ ಹುಡುಗ. ಆ ಕಾಲದ ಬಿತೊಂಗ್‌ಗಳ ನಡು ಒಂದಿಷ್ಟೇ ಒಳಕ್ಕೆ ಬಾಗಿರುತ್ತದೆ. ಬಾಯಿಯ ಕೆಳಗೆ, ಬುಡದ ಮೇಲೆ ಚೂಪಾದ ಮೊನೆಯಿಂದ ಕೊರೆದ ಬಳ್ಳಿಯ ಪಟ್ಟಿ ಇರುತ್ತದೆ. ಬೆಳಕನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ನವಿರು. ಅಡಿ ಚಪ್ಪಟೆ, ಗಾಜಿನ ಹೊದಿಕೆ (ಗ್ಲೇಜ್, ಸುಟ್ಟಾಗ ಗಾಜಾಗುವ ಹೊಳಪು ಲೇಪ) ಇಲ್ಲದ ಬೋಳು ಅಡಿ.

ಕಾಂಗ್‌ಶಿ ಚಕ್ರವರ್ತಿಯ ಕಾಲಕ್ಕೆ (1662-1722) ಬಂದರೆ ಮೈ ನೇರವಾಗುತ್ತದೆ. ಅಡಿಯಲ್ಲಿ ಅಗಲವಾದ ಬೋಳು ಉಂಗುರ, ನಡುವೆ ಗಾಜು ಹೊದಿಸಿದ ಸಣ್ಣ ಕುಳಿ ಕಾಣುತ್ತದೆ. ನಡುವೆ ತೂತಿರುವ ಪ್ರಾಚೀನ ಜೇಡ್ ಬಿಲ್ಲೆಯ ಹಾಗೆ ಕಾಣುವುದರಿಂದ ಚೀನೀಯರು ಅದಕ್ಕೆ ‘ಬಿ’ ಬಿಲ್ಲೆಯ ಅಡಿ ಎಂದೇ ಹೆಸರಿಟ್ಟಿದ್ದಾರೆ. ಬಣ್ಣದಲ್ಲೂ ವ್ಯತ್ಯಾಸವಿದೆ. ಕಾಂಗ್‌ಶಿಯ ಕುಶಲಕರ್ಮಿಗಳು ಕೋಬಾಲ್ಟ್ ನೀಲಿಯೊಂದನ್ನೇ ತೆಳು, ನಡುತೆಳು, ಗಾಢ ಎಂದು ಪದರ ಪದರವಾಗಿ ಬಳಸಿ, ಕಾಗದದ ಮೇಲೆ ಮಸಿ ಹರಡಿದ ಹಾಗೆ ಬೆಟ್ಟ ಬರೆದರು. ಕೆಲವು ಬಿತೊಂಗ್‌ಗಳಲ್ಲಿ ಚಿತ್ರವೇ ಇಲ್ಲ. ಕವಿ ಸು ಶಿ 1082ರಲ್ಲಿ ಬರೆದ ಕೆಂಪುಬಂಡೆಯ ಗದ್ಯಕಾವ್ಯದಂಥ ಪಾಠವನ್ನೇ ಸಾಲು ತಪ್ಪದೆ ಸುತ್ತಲೂ ಬರೆದಿರುತ್ತಾರೆ. ನನ್ನ ಮಟ್ಟಿಗೆ ಬಿತೊಂಗ್‌ಗೆ ಅದಕ್ಕಿಂತ ತಕ್ಕ ಅಲಂಕಾರವಿಲ್ಲ.

ಈಗ ಸವೆತ. ಕುಂಚಗಳು ನೂರಾರು ವರ್ಷ ತಗುಲಿದ್ದರೆ ಬಾಯಿಯ ಒಳ ಅಂಚಿನಲ್ಲಿ, ತಳದ ಒಳಗೆ ಗುರುತಿರಬೇಕು. ಅಡಿಯ ಬೋಳು ಉಂಗುರ ಮುಟ್ಟಲು ನುಣುಪಾಗಿರಬೇಕು, ಎಲ್ಲೆಡೆ ಒಂದೇ ಸಮ ಅಲ್ಲ. ಹಳತಾಗಿ ಕಾಣಲೆಂದು ಬಣ್ಣ ಬಳಿದಿದ್ದರೆ ಕೊಳೆ ಎಲ್ಲ ಕಡೆಯೂ ಒಂದೇ ಕಂದು, ಒದ್ದೆ ಹತ್ತಿಗೆ ಕೆಲವೊಮ್ಮೆ ಬಿಟ್ಟುಬರುತ್ತದೆ. ಗೀರುಗಳೂ ಒಂದೇ ದಿಕ್ಕಿಗೆ ಓಡಿದ್ದರೆ ಅದು ಮರಳುಕಾಗದದ ಕೆಲಸ. ಬಳಕೆಯ ಗೀರು ಅಡ್ಡಾದಿಡ್ಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಸದಾ ಜೇಬಿನಲ್ಲಿರಲಿ. ಚಿತ್ರದ ಗೆರೆ ಕುಂಚದ್ದಾದರೆ ಎಲ್ಲೋ ದಪ್ಪ, ಎಲ್ಲೋ ತೆಳು. ಅಚ್ಚು ಹಾಳೆಯಿಂದ ಇಳಿಸಿದ್ದಾದರೆ ಪತ್ರಿಕೆಯ ಚಿತ್ರದ ಹಾಗೆ ಚುಕ್ಕಿಚುಕ್ಕಿ.

ಐದನೆಯದು: ಬಣ್ಣವನ್ನು ಅವಸರವಿಲ್ಲದೆ ನೋಡಿ

ಮೇಜಿನ ಪಿಂಗಾಣಿಯಲ್ಲಿ ಅತಿ ಹೆಸರಾದದ್ದು ಚಿತ್ರವಿಲ್ಲದ ಒಂದು ಬಣ್ಣ. ಯುರೋಪಿನವರು ಅದನ್ನು ಪೀಚ್ ಹಣ್ಣಿಗೆ ಹೋಲಿಸಿದರು. ಚೀನೀಯರು ಕರೆದದ್ದು ‘ಜಿಯಾಂಗ್‌ದೋ ಹೋಂಗ್’ ಎಂದು. ಅಂದರೆ ಅಲಸಂದೆ ಕೆಂಪು! ಮನೆಯ ಡಬ್ಬಿಯಿಂದ ಒಂದು ಹಿಡಿ ಕೆಂಪು ಅಲಸಂದೆ ಕಾಳು ಅಂಗೈಗೆ ಸುರಿದುಕೊಂಡು ನೋಡಿ. ಒಂದು ಕಾಳು ಗುಲಾಬಿ, ಒಂದು ಕಂದು, ಇನ್ನೊಂದರಲ್ಲಿ ಮಸುಕಾದ ಚುಕ್ಕಿ. ಕಾಂಗ್‌ಶಿ ಕಾಲದ ಆ ಪಾತ್ರೆಗಳ ಮೇಲೆ ಇರುವುದು ಇದೇ ಏರಿಳಿತ, ಜೊತೆಗೆ ಅಲ್ಲಲ್ಲಿ ಪಾಚಿಯಂಥ ಹಸಿರು ಚುಕ್ಕೆ.

ಈ ಬಣ್ಣ ತಾಮ್ರದ್ದು. ತಾಮ್ರದ ಬಣ್ಣವನ್ನು ಗಾಜಿನ ಹೊದಿಕೆಯ ಎರಡು ಪದರಗಳ ನಡುವೆ ಇಟ್ಟು ಸುಡುತ್ತಿದ್ದರು. ಆವಿಗೆಯಲ್ಲಿ ಗಾಳಿ ಕಡಿಮೆಯಾದರೆ ತಾಮ್ರ ಕೆಂಪಾಗುತ್ತದೆ, ಗಾಳಿ ಸಿಕ್ಕ ಕಡೆ ಹಸಿರು. ಆದ್ದರಿಂದ ಎರಡು ಪಾತ್ರೆ ಒಂದೇ ಥರ ಬಂದದ್ದಿಲ್ಲ. ಮೇಜಿಗೆಂದು ಮಾಡಿದ ಎಂಟು ನಿಗದಿತ ಆಕಾರಗಳ ಒಂದು ಸೆಟ್ಟೇ ಇತ್ತು. ಹೂದಾನಿಗಳ ಜೊತೆಗೆ ಕುಂಚ ತೊಳೆಯುವ ಬಟ್ಟಲು, ಮುದ್ರೆಯ ಡಬ್ಬಿ, ಸೇಬಿನ ಆಕಾರದ ನೀರುಕುಡಿಕೆ, ಜೇನುಗೂಡಿನಂತೆ ಉಬ್ಬಿದ ಇನ್ನೊಂದು ನೀರುಕುಡಿಕೆ. ಈ ಕೊನೆಯದಕ್ಕೆ ‘ತಾಯ್‌ಬಾಯ್ ಝುನ್’ ಎಂದು ಹೆಸರು. ಕುಡಿತಕ್ಕೆ ಹೆಸರಾದ ಕವಿ ಲಿ ಬಾಯ್‌ಗೆ ತಾಯ್‌ಬಾಯ್ ಎಂದೂ ಕರೆಯುತ್ತಿದ್ದರು. ಅದರ ಹೆಗಲಿನ ಕೆಳಗೆ ಮೂರು ವೃತ್ತಗಳಲ್ಲಿ ನವಿರಾಗಿ ಕೊರೆದ ಡ್ರಾಗನ್ ಇರುತ್ತದೆ. ಕತ್ತು ಮುರಿದ ಕುಡಿಕೆಗಳನ್ನು ಕೆಲವೊಮ್ಮೆ ಅರೆದು ಸಮ ಮಾಡಿ ಮಾರುವುದುಂಟು, ಹಾಗಾಗಿ ಕತ್ತಿನ ಅಂಚಿಗೂ ಗಾಜಿನ ಹೊದಿಕೆ ಇದೆಯೇ ನೋಡಿ.

ನ್ಯೂಯಾರ್ಕಿನಲ್ಲಿ 1886ರಲ್ಲಿ ಮೇರಿ ಮಾರ್ಗನ್ ಅವರ ಸಂಗ್ರಹ ಹರಾಜಾದಾಗ ಈ ಬಣ್ಣದ ಒಂದು ಚಿಕ್ಕ ಹೂದಾನಿ 18,000 ಡಾಲರಿಗೆ ಹೋಯಿತು. ಆ ಸುದ್ದಿ ಎಷ್ಟು ಹಬ್ಬಿತೆಂದರೆ ಅಮೆರಿಕದ ಗಾಜಿನ ಕಾರ್ಖಾನೆಗಳು ಅದೇ ಬಣ್ಣದ ಗಾಜು ಮಾಡತೊಡಗಿದವು. ಬೆಲೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಹಾಂಗ್‌ಕಾಂಗಿನ ಸೋದಬೀಸ್ ಹರಾಜಿನಲ್ಲಿ 2017ರಲ್ಲಿ 29.43 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಾಟವಾದದ್ದು ಬರೀ 13 ಸೆಂಟಿಮೀಟರ್ ಅಗಲದ, ಕುಂಚ ತೊಳೆಯುವ ಬಟ್ಟಲು. ಒಂಬತ್ತು ನೂರು ವರ್ಷಗಳ ಹಿಂದೆ, ಉತ್ತರ ಸೋಂಗ್ ಕಾಲದಲ್ಲಿ, ಹೆನಾನ್ ಪ್ರಾಂತದ ರು ಆವಿಗೆಯಲ್ಲಿ ಸುಟ್ಟ ತಿಳಿನೀಲಿ ಬಟ್ಟಲು. ಅಂಥವು ಇಂದು ಪ್ರಪಂಚದಲ್ಲಿ ನೂರಕ್ಕಿಂತ ಕಡಿಮೆ. ಯಾರಾದರೂ ನಿಮಗೆ ‘ರು ಬಟ್ಟಲು’ ತಂದು ತೋರಿಸಿದರೆ ಏನು ತಿಳಿಯಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಆರನೆಯದು: ಅಡಿಯ ಅಕ್ಷರ ಓದಿ, ನಂಬಬೇಡಿ

ಆರು ಅಕ್ಷರಗಳನ್ನು ಬಲಗಡೆಯ ಸಾಲಿನಿಂದ, ಮೇಲಿಂದ ಕೆಳಕ್ಕೆ ಓದಬೇಕು: ‘ದಾ ಚಿಂಗ್ ಕಾಂಗ್‌ಶಿ ನಿಯೆನ್ ಝಿ’, ಮಹಾ ಚಿಂಗ್ ವಂಶದ ಕಾಂಗ್‌ಶಿಯ ಕಾಲದಲ್ಲಿ ಮಾಡಿದ್ದು. ಇಷ್ಟು ಕಲಿಯಲು ಒಂದು ಸಂಜೆ ಸಾಕು. ಆದರೆ ಅಕ್ಷರ ಸಾಕ್ಷಿಯಲ್ಲ. ಒಡೆದ ಪಾತ್ರೆಯ ಜೊತೆ ಚಕ್ರವರ್ತಿಯ ಹೆಸರು ಕಸಕ್ಕೆ ಬೀಳಬಾರದೆಂದು 1677ರಲ್ಲಿ ಜಿಂಗ್‌ದೆಝೆನ್‌ನ ಅಧಿಕಾರಿ ಆ ಹೆಸರು ಬರೆಯುವುದನ್ನೇ ನಿಷೇಧಿಸಿದ. ಹಾಗಾಗಿ ನಿಜವಾದ ಕಾಂಗ್‌ಶಿ ಕಾಲದ ಎಷ್ಟೋ ವಸ್ತುಗಳ ಅಡಿಯಲ್ಲಿ ಬರೀ ಎರಡು ನೀಲಿ ವೃತ್ತ, ಒಂದು ಎಲೆ, ಇಲ್ಲವೆ ಎರಡು ಶತಮಾನ ಹಿಂದಿನ ಚೆಂಗ್‌ಹುವಾ ಚಕ್ರವರ್ತಿಯ ಹೆಸರು! ಇನ್ನೊಂದೆಡೆ, 19ನೇ ಶತಮಾನದ ಕೊನೆಯಲ್ಲಿ ಮಾಡಿದವುಗಳ ಅಡಿಯಲ್ಲಿ ಕಾಂಗ್‌ಶಿಯ ಹೆಸರು. ಅದು ಎಲ್ಲ ಸಲವೂ ಮೋಸವಲ್ಲ, ಹಿರಿಯರಿಗೆ ಸಲ್ಲಿಸಿದ ಗೌರವವೂ ಹೌದು. ಮೈ, ಅಡಿ, ಬಣ್ಣ ಮೂರೂ ಒಂದೇ ಕಾಲವನ್ನು ಹೇಳಿದ ಮೇಲೆ ಅಕ್ಷರವನ್ನು ಕೇಳಿ.

ಏಳನೆಯದು: ಪೆಟ್ಟು ಹುಡುಕಿ

ಅಂಗೈ ಮೇಲೆ ಸಮವಾಗಿ ಇಟ್ಟು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸರಿಯಾಗಿದ್ದರೆ ಗಂಟೆಯ ನಾದ, ಬಿರುಕಿದ್ದರೆ ಮೊಟಕು ಸದ್ದು. ಮುಚ್ಚಿದ ಆಕಾರದ ಹನಿಪಾತ್ರೆಗೆ ಈ ಪರೀಕ್ಷೆ ನಡೆಯದು. ನೇರಳಾತೀತ ಟಾರ್ಚನ್ನು ಕತ್ತಲಲ್ಲಿ ಹಾಯಿಸಿದರೆ, ರಾಳ ತುಂಬಿ ಬಣ್ಣ ಹಚ್ಚಿದ ರಿಪೇರಿ ಸುತ್ತಲಿನ ಮೈಗಿಂತ ಬೇರೆಯಾಗಿ ಹೊಳೆಯುವುದು ಸಾಮಾನ್ಯ. ಬೆರಳಿಗೂ ಅದು ಪಿಂಗಾಣಿಯ ತಣ್ಣನೆ ಮುಟ್ಟು ಕೊಡುವುದಿಲ್ಲ.

ನಾನು ಒಮ್ಮೆ ಸಂಜೆಗತ್ತಲಲ್ಲಿ, ಹಳದಿ ದೀಪದ ಕೆಳಗೆ ಕೊಂಡ ಬಿತೊಂಗ್‌ನಲ್ಲಿ ಬಾಯಿಂದ ಬುಡದವರೆಗೆ ಕೂದಲೆಳೆಯ ಬಿರುಕಿತ್ತು. ಮರುದಿನ ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು. ಅಂದಿನಿಂದ ಹಗಲು ಬೆಳಕಿನಲ್ಲಿ ನೋಡದೆ ಯಾವುದನ್ನೂ ಕೊಳ್ಳುವುದಿಲ್ಲ. ಬಿರುಕಿದ್ದರೆ ಬಿಟ್ಟೇಬಿಡಬೇಕೆಂದಲ್ಲ. ಬೆಲೆ ಬಹಳ ಇಳಿಯುತ್ತದೆ, ಕಲಿಯುವವರಿಗೆ ಹಳೆಯ ಅಸಲಿ ವಸ್ತು ಕೈಗೆಟುಕುವುದು ಹೆಚ್ಚಾಗಿ ಹಾಗೆಯೇ. ಆ ಬಿತೊಂಗ್ ಇಂದಿಗೂ ನನ್ನ ಮೇಜಿನ ಮೇಲಿದೆ.

ಎಂಟನೆಯದು: ಕೊಳ್ಳುವಾಗ

‘ಹಳೆಯದು’ ಎಂದು ಚೀನಾದಿಂದ ನೇರವಾಗಿ ಅಂಚೆಯಲ್ಲಿ ಕಳಿಸುತ್ತೇವೆ ಎನ್ನುವವರಿಂದ ದೂರವಿರಿ. 1911ಕ್ಕಿಂತ ಹಿಂದಿನ ಪ್ರಾಚ್ಯವಸ್ತುಗಳನ್ನು ಹೊರಗೆ ಕಳಿಸಲು ಚೀನಾದ ನಿಯಮಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಅಂದರೆ ಬರುವುದು ಹೊಸದು, ಇಲ್ಲವೆ ಕಳ್ಳಮಾಲು. ರಸೀದಿಯಲ್ಲಿ ಕಾಲ, ಪೆಟ್ಟು, ರಿಪೇರಿ ಮೂರನ್ನೂ ಬರೆಸಿಕೊಳ್ಳಿ. ಈ ಹಿಂದೆ ಯಾರ ಬಳಿ ಇತ್ತು ಎಂಬ ಕಾಗದವಿದ್ದರೆ ಅದನ್ನೂ ಕೇಳಿ. ಇನ್ನೊಂದು ಸಂಗತಿ ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಕಾಲದ ಸಾಮಾನು ಕಳಿಸುವವರಿಗೆ. ನಮ್ಮ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಂದೇಹವಿದ್ದರೆ ಪುರಾತತ್ವ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದೇ ಕಳಿಸಿ.

ಹೊಸದನ್ನು ಹೊಸದೆಂದೇ ಕೊಳ್ಳುವುದರಲ್ಲಿ ಕೊರತೆಯೇನಿಲ್ಲ. ಜಿಂಗ್‌ದೆಝೆನ್‌ನಲ್ಲಿ ಈಗಲೂ ಕೈಯಲ್ಲಿ ತಿದ್ದಿ, ಕೈಯಲ್ಲಿ ಬರೆದು ಮಾಡುವವರಿದ್ದಾರೆ. ಅವರ ಹನಿಪಾತ್ರೆಯಲ್ಲೂ ನೀರು ಹನಿಹನಿಯಾಗಿಯೇ ಬೀಳುತ್ತದೆ.

ಒಂಬತ್ತನೆಯದು: ಮನೆಗೆ ತಂದ ಮೇಲೆ

ತೊಳೆಯಲು ಸ್ಟೀಲ್ ಸಿಂಕ್ ಬೇಡ, ಪ್ಲಾಸ್ಟಿಕ್ ಬೋಗುಣಿಯಲ್ಲಿ ಟವೆಲ್ ಹಾಸಿ ಉಗುರುಬೆಚ್ಚಗಿನ ನೀರು, ಒಂದು ಹನಿ ಮೃದು ಸೋಪು. ಹಿತ್ತಾಳೆ ತೊಳೆಯುವ ಅಭ್ಯಾಸದಲ್ಲಿ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಲು ಹೋಗಬೇಡಿ. ಗಾಜಿನ ಹೊದಿಕೆಯ ಮೇಲೆ ಬರೆದ ಬಣ್ಣಗಳಿಗೂ ಚಿನ್ನದ ಗೆರೆಗಳಿಗೂ ಹುಳಿ ಆಗದು. ರಿಪೇರಿಯಾದ ವಸ್ತುವನ್ನು ನೀರಿನಲ್ಲಿ ಮುಳುಗಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿತೊಂಗ್‌ನಲ್ಲಿ ಪೆನ್ನು ಇಡುವವರು ತಳಕ್ಕೆ ವೃತ್ತಾಕಾರದ ಉಣ್ಣೆಬಟ್ಟೆ ಹಾಸಿ. ಅದರೊಳಗೆ ಕತ್ತರಿ ಇಡಬೇಡಿ.

ಹನಿಪಾತ್ರೆಯನ್ನು ತುಂಬಲು ಬೋಗುಣಿಯ ನೀರಿನಲ್ಲಿ ಅಡ್ಡ ಹಿಡಿದು ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಮೇಲಿನ ತೂತಿಗೆ ಬೆರಳಿಟ್ಟು ಎತ್ತಿ. ಗಡಸು ಬೋರ್‌ವೆಲ್ ನೀರು ಬಿಟ್ಟು ಶೋಧಿಸಿದ ನೀರು ಬಳಸಿದರೆ ಒಳಗೆ ಬಿಳಿ ಕರೆ ಕಟ್ಟದು. ಬರೆದು ಮುಗಿದ ಮೇಲೆ ಉಳಿದ ನೀರನ್ನು ಪೂರ್ತಿ ಚೆಲ್ಲಿ, ತೂತು ಕೆಳಮುಖವಾಗುವ ಹಾಗೆ ಬಟ್ಟೆಯ ಮೇಲೆ ರಾತ್ರಿಯಿಡೀ ಮಲಗಿಸಿಡಿ.